ಸೋಶಿಯಲ್ ಸೈಕಾಲಜಿಯಲ್ಲಿ ರಿಸರ್ಚ್ ಮೆಥಡ್ಸ್ ಹಿಡ್ಕೊಂಡು ಕರಿಯರ್ ಕಟ್ಟೋದು ಹೇಗೆ

ಎಂಎ, ಎಂಎಸ್ಸಿ ಸೈಕಾಲಜಿ ಓದ್ತಿರೋರಲ್ಲಿ ಹೆಚ್ಚಿನವರ ಕಣ್ಣು ಕ್ಲಿನಿಕಲ್ ಮೇಲೆ, ಇಲ್ಲಾಂದ್ರೆ ಕೌನ್ಸೆಲಿಂಗ್, ಎಚ್‌ಆರ್. ಸೋಶಿಯಲ್ ಸೈಕಾಲಜಿನ ಒಂದು ಪೇಪರ್ ಅಂತ ಓದಿ ಪಾಸ್ ಮಾಡ್ಕೊಂಡು ಮುಂದೆ ಹೋಗ್ತಾರೆ, ರಿಸರ್ಚ್ ಮೆಥಡಾಲಜಿ ಅಂದ್ರಂತೂ ಡೆಸರ್ಟೇಶನ್ ಮುಗಿಯೋವರೆಗೆ ಹೇಗೋ ಸಹಿಸ್ಕೊಂಡ್ರೆ ಸಾಕು ಅನ್ನೋ ಭಾವನೆ. ಆದ್ರೆ ಪ್ರತಿ ಬ್ಯಾಚಲ್ಲೂ ಒಬ್ಬಿಬ್ಬರು ಇರ್ತಾರೆ, ಯಾವ್ದಾದ್ರೂ ಸ್ಟಡಿ ಬಗ್ಗೆ ಹೇಳಿದ ತಕ್ಷಣ "ಅದು ಹಂಗೇ ಅಂತ ಅವ್ರಿಗೆ ಹೇಗೆ ಗೊತ್ತಾಯ್ತು?" ಅಂತ ಕೇಳೋರು. ಇದನ್ನ ಬರೀತಿರೋದು ಅವರಿಗೋಸ್ಕರ. ಆ ಪ್ರಶ್ನೆ ಕೇಳೋದನ್ನೇ ಜೀವನಪೂರ್ತಿ ಕೆಲಸ ಮಾಡ್ಕೊಳ್ಳೋಕೆ ಆಗುತ್ತೆ, ದೊಡ್ಡ ದೊಡ್ಡೋರು ಮಾಡ್ಕೊಂಡಿದಾರೆ.

ಮೆಥಡ್ಸ್ ಅಂದ್ರೆ ಬರೀ ಸ್ಟ್ಯಾಟಿಸ್ಟಿಕ್ಸ್ ಅಂತ ತಿಳ್ಕೊಂಡು ಹೆದರಿ ಹಿಂದೆ ಸರೀಬೇಡಿ. ಸ್ಟ್ಯಾಟಿಸ್ಟಿಕ್ಸ್ ಬೇಕು, ಕಲೀಲೇಬೇಕು, ಆದ್ರೆ ಕಸುಬಿನ ತಿರುಳು ಏನಪ್ಪಾ ಅಂದ್ರೆ, ಯಾರಾದ್ರೂ "ಇದ್ರಿಂದ ಇದಾಯ್ತು" ಅಂದಾಗ "ಇದು ಬಿಟ್ಟು ಬೇರೆ ಯಾವ್ಯಾವ ಕಾರಣದಿಂದ ಹಂಗಾಗಿರಬಹುದು" ಅಂತ ಒಂದೊಂದಾಗಿ ಪಟ್ಟಿ ಮಾಡಿ, ಒಂದೊಂದನ್ನೂ ಪರೀಕ್ಷೆ ಮಾಡೋ ದಾರಿ ಹುಡುಕೋದು. ಡೊನಾಲ್ಡ್ ಕ್ಯಾಂಪ್‌ಬೆಲ್ ಅನ್ನೋ ಅಮೆರಿಕನ್ ಸೋಶಿಯಲ್ ಸೈಕಾಲಜಿಸ್ಟ್ ಈ ಒಂದು ಅಭ್ಯಾಸದ ಮೇಲೇ ಇಡೀ ಕರಿಯರ್ ಕಟ್ಟಿದ್ರು. ಅವರ ಜೀವನವನ್ನ ಜೊತೆಗಿಟ್ಕೊಂಡು ಹೇಳ್ತಾ ಹೋಗ್ತೀನಿ, ಯಾಕಂದ್ರೆ ಈ ದಾರಿ ಎಲ್ಲಿ ನಿಧಾನ, ಎಲ್ಲಿ ತಿರುವು ಅನ್ನೋದು ಅವರನ್ನ ನೋಡಿದ್ರೆ ಚೆನ್ನಾಗಿ ಗೊತ್ತಾಗುತ್ತೆ.

1916ರಲ್ಲಿ ಮಿಶಿಗನ್‌ನ ಗ್ರಾಸ್ ಲೇಕ್‌ನಲ್ಲಿ ಹುಟ್ಟಿದ್ರು. ಹೈಸ್ಕೂಲ್ ಆದ್ಮೇಲೆ ನೇರ ದೊಡ್ಡ ಯೂನಿವರ್ಸಿಟಿಗೆ ಹೋಗ್ಲಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಟರ್ಕಿ ಕೋಳಿ ಸಾಕೋ ಫಾರ್ಮಲ್ಲಿ ಕೆಲಸ ಮಾಡಿದ್ರು, ಆಮೇಲೆ ಸ್ಯಾನ್ ಬರ್ನಾರ್ಡಿನೋದ ಜೂನಿಯರ್ ಕಾಲೇಜು, ಆಮೇಲೆ ಬರ್ಕ್‌ಲಿ. 1939ರಲ್ಲಿ ಡಿಗ್ರಿ, ನಡುವೆ ಯುದ್ಧ, ನೇವಿ ಕೆಲಸ, ಪಿಎಚ್‌ಡಿ ಸಿಕ್ಕಿದ್ದು 1947ರಲ್ಲಿ. ಥೀಸಿಸ್ ವಿಷಯ ಐದು ಅಲ್ಪಸಂಖ್ಯಾತ ಗುಂಪುಗಳ ಬಗ್ಗೆ ಜನ ಇಟ್ಕೊಂಡಿರೋ ಧೋರಣೆ. ಓಹಿಯೋ ಸ್ಟೇಟ್‌ನಲ್ಲಿ ಮೂರು ವರ್ಷ, ಶಿಕಾಗೋದಲ್ಲಿ ಮೂರು ವರ್ಷ, 1953ರಲ್ಲಿ ನಾರ್ತ್‌ವೆಸ್ಟರ್ನ್‌ಗೆ ಬಂದು 1979ರವರೆಗೆ ಅಲ್ಲೇ. ಹೆಸರು ತಂದ ಮೊದಲ ದೊಡ್ಡ ಮೆಥಡ್ಸ್ ಪೇಪರ್ ಬಂದಿದ್ದು 1959ರಲ್ಲಿ, ಅಂದ್ರೆ ಪಿಎಚ್‌ಡಿ ಮುಗಿದು ಹನ್ನೆರಡು ವರ್ಷ ಆದ್ಮೇಲೆ, ವಯಸ್ಸು ನಲವತ್ತು ದಾಟಿದ್ಮೇಲೆ. ಇದನ್ನ ನೆನಪಿಟ್ಕೊಳ್ಳಿ, ಮೂವತ್ತಕ್ಕೇ ಎಲ್ಲಾ ಆಗ್ಬಿಡಬೇಕು ಅಂತ ಒದ್ದಾಡೋರಿಗೆ ಇದು ಸರಿಯಾದ ಫೀಲ್ಡ್ ಅಲ್ಲ, ಇಲ್ಲಿ ಹಣ್ಣಾಗೋಕೆ ಟೈಮ್ ತಗೊಳುತ್ತೆ.

ಮೊದ್ಲು ಆ ಅಭ್ಯಾಸ ಹಚ್ಕೊಳ್ಳಿ

ಕೆಲಸ ಹೇಗಿರುತ್ತೆ ಅಂತ ಹತ್ತಿರದಿಂದ ತೋರಿಸ್ತೀನಿ. 1955ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ರಸ್ತೆ ಅಪಘಾತಗಳಲ್ಲಿ 324 ಜನ ಸತ್ರು. ಗವರ್ನರ್ ಏಬ್ರಹಾಂ ರಿಬಿಕಾಫ್ ಆ ವರ್ಷದ ಕೊನೇಲಿ ಕಟ್ಟುನಿಟ್ಟಿನ ಕ್ರಮ ತಂದ್ರು, ಓವರ್‌ಸ್ಪೀಡಲ್ಲಿ ಸಿಕ್ಕಿಬಿದ್ರೆ ಲೈಸೆನ್ಸ್ ಸಸ್ಪೆಂಡ್. 1956ರಲ್ಲಿ ಸಾವು 284. ನಲವತ್ತು ಜೀವ ಉಳೀತು, ಶೇಕಡಾ 12ರಷ್ಟು ಕಮ್ಮಿ ಆಯ್ತು, ಕ್ರಮ ಫಲ ಕೊಡ್ತು ಅಂತ ಘೋಷಣೆ ಆಯ್ತು. ಪೇಪರಲ್ಲಿ ಇಂಥ ಸುದ್ದಿ ಓದಿದ್ರೆ ನಾವೂ ತಲೆ ಆಡಿಸಿ ಮುಂದಿನ ಪುಟಕ್ಕೆ ಹೋಗ್ತೀವಿ ಅಲ್ವಾ.

ಕ್ಯಾಂಪ್‌ಬೆಲ್ ಮತ್ತೆ ಲಾರೆನ್ಸ್ ರಾಸ್ ಅನ್ನೋ ಸೋಶಿಯಾಲಜಿಸ್ಟ್ 1968ರಲ್ಲಿ ಇದನ್ನ ಬಿಡಿಸಿ ಕೂತ್ರು. ಆ ವರ್ಷ ಹಿಮ ಕಮ್ಮಿ ಬಿದ್ದಿತ್ತಾ? ಸಾವಿನ ಸಂಖ್ಯೆ ವರ್ಷಾ ವರ್ಷ ಹೇಗೂ ಇಳೀತಾನೇ ಇತ್ತಾ? 1955ರ ಸಾವಿನ ಸುದ್ದಿ ಕೇಳಿಯೇ ಜನ ಹುಷಾರಾದ್ರಾ, ಕ್ರಮ ಬರೋ ಮುಂಚೆನೇ? ಲೆಕ್ಕ ಬರೆಯೋ ರೀತಿ ಬದಲಾಯ್ತಾ? ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ, 1955 ಅನ್ನೋದು ತುಂಬಾ ಕೆಟ್ಟ ವರ್ಷ ಆಗಿತ್ತು, ಕೆಟ್ಟ ವರ್ಷ ಆಗಿದ್ದಕ್ಕೇ ಗವರ್ನರ್ ಕ್ರಮ ತಗೊಂಡಿದ್ದು, ಹಂಗಿರುವಾಗ ಏನೂ ಮಾಡ್ದೇ ಇದ್ದಿದ್ರೂ ಮುಂದಿನ ವರ್ಷ ಸಂಖ್ಯೆ ಸರಾಸರಿ ಕಡೆಗೆ ಇಳಿಯೋ ಸಾಧ್ಯತೆನೇ ಹೆಚ್ಚು. ಅದಕ್ಕೆ ಅವರು ಬರೀ 1955, 1956 ಎರಡನ್ನೇ ನೋಡದೆ ಹಲವಾರು ವರ್ಷಗಳ ಸಾಲನ್ನ ನೋಡಿದ್ರು, ಪಕ್ಕದ ಮ್ಯಾಸಚೂಸೆಟ್ಸ್, ರೋಡ್ ಐಲ್ಯಾಂಡ್, ನ್ಯೂಯಾರ್ಕ್, ನ್ಯೂಜೆರ್ಸಿ ಜೊತೆ ಹೋಲಿಸಿದ್ರು. ನಲವತ್ತಕ್ಕೆ ನಲವತ್ತನ್ನೂ ಕ್ರಮದ ಲೆಕ್ಕಕ್ಕೆ ಬರೆಯೋಕಾಗಲ್ಲ ಅಂತ ಗೊತ್ತಾಯ್ತು. ಜೊತೆಗೆ ಯಾರೂ ಹುಡುಕದೇ ಇದ್ದ ಇನ್ನೊಂದು ವಿಷಯ ಸಿಕ್ತು: ಸಸ್ಪೆಂಡ್ ಆದ ಲೈಸೆನ್ಸಲ್ಲೇ ಗಾಡಿ ಓಡಿಸಿ ಅರೆಸ್ಟ್ ಆಗೋರು ಜಾಸ್ತಿ ಆಗಿದ್ರು, ಕೋರ್ಟುಗಳು ಸ್ಪೀಡಿಂಗ್ ಕೇಸಲ್ಲಿ ಬಿಟ್ಟುಕಳಿಸೋದೂ ಜಾಸ್ತಿ ಆಗಿತ್ತು.

ಈ ಅಭ್ಯಾಸ ಬರಬೇಕಂದ್ರೆ ಒಂದು ನೋಟ್‌ಬುಕ್ ಇಡಿ. ದಿನಕ್ಕೊಂದು ಸುದ್ದಿ ಅಥವಾ ಪೇಪರ್ ತಗೊಳ್ಳಿ, "ಮಧ್ಯಾಹ್ನದ ಊಟದಲ್ಲಿ ಮೊಟ್ಟೆ ಕೊಟ್ಟ ಮೇಲೆ ಹಾಜರಾತಿ ಏರಿತು", "ಮೊಬೈಲ್ ನೋಡೋ ಮಕ್ಕಳಿಗೆ ಆತಂಕ ಜಾಸ್ತಿ", ಇಂಥ ಏನಾದ್ರೂ. ಅದಕ್ಕೆ ಐದು ಬೇರೆ ವಿವರಣೆ ಬರೀರಿ, ಪ್ರತಿಯೊಂದರ ಪಕ್ಕ "ಇದನ್ನ ಹೊರಗಿಡೋಕೆ ಯಾವ ಡೇಟಾ ಬೇಕು" ಅಂತ ಬರೀರಿ. ಮೊದಮೊದಲು ಎರಡರ ಮೇಲೆ ಹೊಳೆಯಲ್ಲ. ಬಿಡದೆ ಮಾಡಿದ್ರೆ ಒಂದು ಸೆಮಿಸ್ಟರ್ ಮುಗಿಯೋಷ್ಟರಲ್ಲಿ ಪೇಪರಿನ ಅಬ್‌ಸ್ಟ್ರಾಕ್ಟ್ ಓದೋಕೆ ಮುಂಚೆ ಮೆಥಡ್ ಸೆಕ್ಷನ್ ಕಡೆ ಕೈ ಹೋಗೋಕೆ ಶುರುವಾಗುತ್ತೆ.

ಹೋಲಿಕೆ ಇಲ್ಲದೆ ಕಾರಣ ಹೇಳಬಾರದು ಅನ್ನೋದಕ್ಕೆ ನಮ್ಮ ದೇಶದ್ದೇ ಒಳ್ಳೇ ಉದಾಹರಣೆ ಇದೆ, ಇದು ನಮ್ಮ ಕ್ಲಾಸುಗಳಲ್ಲಿ ಅಷ್ಟಾಗಿ ಬರೋದೇ ಇಲ್ಲ ಅನ್ನೋದು ಬೇಜಾರು. 1934ರ ಬಿಹಾರ ಭೂಕಂಪ ಆದ್ಮೇಲೆ ಜಮುನಾ ಪ್ರಸಾದ್ ಅನ್ನೋ ಸೈಕಾಲಜಿಸ್ಟ್ ಅಲ್ಲಿನ ವದಂತಿಗಳನ್ನ ಸಂಗ್ರಹ ಮಾಡಿದ್ರು. ನೆಲ ನಡುಗಿದ್ದು ಗೊತ್ತಾಗಿದ್ರೂ ಹಾನಿ ಆಗದೇ ಇದ್ದ ಕಡೆ ಜನ "ಇನ್ನೂ ದೊಡ್ಡದು ಬರುತ್ತೆ" ಅಂತ ಹೆದರಿಸೋ ಸುದ್ದಿ ಹಬ್ಬಿಸ್ತಿದ್ರು. ಇನ್ನೊಬ್ಬ ಸೈಕಾಲಜಿಸ್ಟ್ ದುರ್ಗಾನಂದ ಸಿನ್ಹಾ ಡಾರ್ಜಿಲಿಂಗ್ ಭೂಕುಸಿತ ಆದಾಗ, ಹಾನಿ ಕಣ್ಣಾರೆ ಕಂಡ ಜನರ ಮಧ್ಯೆ ಅಂಥದ್ದೇ ಸ್ಟಡಿ ಮಾಡಿ 1952ರಲ್ಲಿ ಪ್ರಕಟಿಸಿದ್ರು, ಅಲ್ಲಿ ಆ ತರದ ವದಂತಿ ಕಾಣಲಿಲ್ಲ. ಅಮೆರಿಕನ್ ಸೋಶಿಯಲ್ ಸೈಕಾಲಜಿಸ್ಟ್ ಲಿಯಾನ್ ಫೆಸ್ಟಿಂಗರ್ ಈ ಎರಡನ್ನ ಪಕ್ಕಪಕ್ಕ ಇಟ್ಟು ನೋಡಿದ್ರು, ಭಯ ಮೊದಲು ಬಂದು ಆ ಭಯಕ್ಕೆ ಹೊಂದೋ ಸುದ್ದಿ ಆಮೇಲೆ ಹುಟ್ಟುತ್ತೆ ಅನ್ನೋ ಅವರ ಯೋಚನೆ 1957ರ ಕಾಗ್ನಿಟಿವ್ ಡಿಸೊನೆನ್ಸ್ ಥಿಯರಿ (ಮನಸ್ಸಲ್ಲಿ ಒಂದಕ್ಕೊಂದು ಹೊಂದದ ವಿಷಯ ಇದ್ರೆ ಹೊಂದಿಸೋಕೆ ನೋಡ್ತೀವಿ ಅನ್ನೋದು) ಕಡೆಗೆ ಹೋಯ್ತು. ಪ್ರಸಾದರ ಸ್ಟಡಿ ಒಂದೇ ಇದ್ದಿದ್ರೆ ಭೂಕಂಪ ಅಂದ್ಮೇಲೆ ವದಂತಿ ಬರೋದು ಸಹಜ ಅಂತ ಅಲ್ಲಿಗೇ ನಿಲ್ಲಿಸಬಹುದಿತ್ತು.

ಎಂಎ ಟೈಮಲ್ಲಿ ಕೈ ಪಳಗಿಸ್ಕೊಳ್ಳೋದು

ಸಾಫ್ಟ್‌ವೇರ್ ವಿಷಯ ಬೇಗ ಮುಗಿಸ್ತೀನಿ. ಎಸ್‌ಪಿಎಸ್‌ಎಸ್ ಅನ್ನೋ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಡಿಪಾರ್ಟ್‌ಮೆಂಟ್ ಲ್ಯಾಬಲ್ಲಿ ಇರುತ್ತೆ, ಮನೇಲಿ ಇರಲ್ಲ. ಆರ್ ಅನ್ನೋದು ಪೂರ್ತಿ ಫ್ರೀ, ಅದನ್ನ ಕಲೀರಿ. ಕೋಡ್ ನೋಡಿದ್ರೆ ಭಯ ಆಗುತ್ತೆ ಅನ್ನೋರು ಮೊದಲು ಜಾಸ್ಪ್ ಅಥವಾ ಜಮೋವಿ ಹಾಕ್ಕೊಳ್ಳಿ, ಅವೂ ಫ್ರೀ, ಕ್ಲಿಕ್ ಮಾಡ್ಕೊಂಡು ಹೋಗಬಹುದು. ಆದ್ರೆ ಮೆಥಡ್ಸ್ ಕರಿಯರ್ ಬೇಕು ಅನ್ನೋರು ಆರ್‌ಗೆ ಬರಲೇಬೇಕು, ಯಾಕಂದ್ರೆ ಸಿಮ್ಯುಲೇಶನ್, ಅಂದ್ರೆ ಕಂಪ್ಯೂಟರಲ್ಲೇ ಕೃತಕ ಡೇಟಾ ಸೃಷ್ಟಿ ಮಾಡಿ ಪರೀಕ್ಷಿಸೋದು, ಬರ್ದೇ ಇದ್ರೆ ಮೆಥಡ್ಸ್ ಅರ್ಧ ಅರ್ಥ ಆಗಲ್ಲ.

ಒಂದು ಎಕ್ಸರ್‌ಸೈಜ್ ಹೇಳ್ತೀನಿ, ಇದನ್ನ ಮಾಡಿ ನೋಡಿದೋರು ಹಳೇ ತರ ಇರಲ್ಲ. ಆರ್‌ನಲ್ಲಿ ಎರಡು ಗುಂಪು ಸೃಷ್ಟಿ ಮಾಡಿ, ಎರಡಕ್ಕೂ ಒಂದೇ ಸರಾಸರಿ, ಅಂದ್ರೆ ನಿಜವಾಗಿ ವ್ಯತ್ಯಾಸ ಇಲ್ಲವೇ ಇಲ್ಲ. ಎರಡು ಸರಾಸರಿಗಳನ್ನ ಹೋಲಿಸೋ ಟಿ-ಟೆಸ್ಟ್ ಹಾಕಿ. ಇದನ್ನ ಸಾವಿರ ಸಲ ಓಡಿಸಿ. ಸುಮಾರು ಐವತ್ತು ಸಲ ಪಿ-ವ್ಯಾಲ್ಯೂ (ವ್ಯತ್ಯಾಸ ಇಲ್ದೇ ಇದ್ರೂ ಆಕಸ್ಮಿಕವಾಗಿ ಇಷ್ಟು ಅಥವಾ ಇನ್ನೂ ಹೆಚ್ಚು ಬರೋ ಸಾಧ್ಯತೆ) 0.05ಕ್ಕಿಂತ ಕಮ್ಮಿ ಬರುತ್ತೆ, ಅದು ನಿರೀಕ್ಷೆ ಮಾಡಿದ್ದೇ. ಈಗ ಕೋಡ್ ಸ್ವಲ್ಪ ಬದಲಾಯಿಸಿ, ಇಪ್ಪತ್ತು ಜನ ಆದಾಗ ಒಂದ್ಸಲ ಟೆಸ್ಟ್ ಮಾಡಿ, 0.05ಕ್ಕಿಂತ ಕಮ್ಮಿ ಬಂದಿಲ್ಲಾಂದ್ರೆ ಇನ್ನು ಹತ್ತು ಜನ ಸೇರಿಸಿ ಮತ್ತೆ ಟೆಸ್ಟ್ ಮಾಡಿ, ಹಿಂಗೇ ಮಾಡ್ತಾ ಬಂದ ತಕ್ಷಣ ನಿಲ್ಲಿಸಿ. ಆ ಐವತ್ತು ಎಲ್ಲಿಗೆ ಏರುತ್ತೆ ಅಂತ ನಿಮ್ಮ ಕಣ್ಣಾರೆ ನೋಡಿ. ಸಿಮನ್ಸ್, ನೆಲ್ಸನ್, ಸೈಮನ್‌ಸನ್ ಅನ್ನೋ ಮೂವರು 2011ರಲ್ಲಿ ತೋರಿಸಿದ್ದು ಇದನ್ನೇ, ಇಂಥ ಸಣ್ಣ ಸಣ್ಣ ಸಲಿಗೆಗಳು ನಾಲ್ಕು ಸೇರಿದ್ರೆ ಇಲ್ಲದ ಎಫೆಕ್ಟ್ "ಸಿಗೋ" ಸಾಧ್ಯತೆ ಶೇಕಡಾ 5ರಿಂದ 60ರ ಆಸುಪಾಸಿಗೆ ಹೋಗುತ್ತೆ ಅಂತ. ಒಂದು ಹಾಡು ಕೇಳಿದ ವಿದ್ಯಾರ್ಥಿಗಳ ವಯಸ್ಸೇ ಒಂದೂವರೆ ವರ್ಷ ಇಳೀತು ಅಂತ ಅದೇ ಪೇಪರಲ್ಲಿ ಅಂಕಿಅಂಶ ಹಾಕಿ ತೋರಿಸಿದ್ರು, ನಿಯಮ ಸಡಿಲ ಬಿಟ್ರೆ ಇಂಥದ್ದೂ "ಸಾಬೀತು" ಆಗುತ್ತೆ ಅಂತ ಎಚ್ಚರಿಸೋಕೆ.

ಸ್ಯಾಂಪಲ್ ಸೈಜ್ ಇನ್ನೊಂದು. ನಮ್ಮಲ್ಲಿ ಎಷ್ಟೋ ಡೆಸರ್ಟೇಶನ್ 30 ಹುಡುಗರು, 30 ಹುಡುಗಿಯರು ಅಂತ ನಡೀತವೆ, ಯಾಕೆ 30 ಅಂತ ಕೇಳಿದ್ರೆ ಸೀನಿಯರ್ಸ್ ಹಂಗೇ ಮಾಡಿದ್ರು ಅಂತಾರೆ. ಸ್ಟ್ಯಾಟಿಸ್ಟಿಕ್ಸ್ ಬಗ್ಗೆ ಬರೆದ ಸೈಕಾಲಜಿಸ್ಟ್ ಜೇಕಬ್ ಕೊಹೆನ್ ಮಧ್ಯಮ ಅಂತ ಕರೆದ ಎಫೆಕ್ಟ್, ಅಂದ್ರೆ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಶನ್ ವ್ಯತ್ಯಾಸ, ಅದನ್ನ ಹಿಡಿಯೋಕೆ ಶೇಕಡಾ 80 ಪವರ್ (ನಿಜವಾಗಿ ಇರೋ ವ್ಯತ್ಯಾಸ ಟೆಸ್ಟಲ್ಲಿ ಸಿಕ್ಕೋ ಸಾಧ್ಯತೆ) ಬೇಕಂದ್ರೆ ಒಂದೊಂದು ಗುಂಪಲ್ಲಿ 64 ಜನ ಬೇಕು. 30 ಇಟ್ಕೊಂಡ್ರೆ ಪವರ್ ಶೇಕಡಾ 50ಕ್ಕೂ ಸ್ವಲ್ಪ ಕಮ್ಮಿ, ನಿಜವಾಗಿ ವ್ಯತ್ಯಾಸ ಇದ್ರೂ ಅದು ಕಾಣೋದು ಬಿಡೋದು ನಾಣ್ಯ ಚಿಮ್ಮಿದ ಹಾಗೆ. ಸಣ್ಣ ಎಫೆಕ್ಟ್ ಆದ್ರೆ, ಅಂದ್ರೆ 0.2, ಒಂದೊಂದು ಗುಂಪಿಗೆ 394. ಸೋಶಿಯಲ್ ಸೈಕಾಲಜಿಯಲ್ಲಿ ಎಷ್ಟೋ ಎಫೆಕ್ಟ್ ಸಣ್ಣವೇ. ಜಿ-ಪವರ್ ಅನ್ನೋ ಫ್ರೀ ಪ್ರೋಗ್ರಾಂ ಇದೆ, ಸಿನಾಪ್ಸಿಸ್ ಬರೆಯೋ ಮುಂಚೆನೇ ಅದರಲ್ಲಿ ಲೆಕ್ಕ ಹಾಕಿ ಗೈಡ್‌ಗೆ ತೋರಿಸಿ.

ಡೇಟಾ ಸಂಗ್ರಹ ಮಾಡೋಕೆ ದುಡ್ಡಿಲ್ಲ ಅಂತ ಕೂರಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ನಲವತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನ 2004-05ರಲ್ಲಿ ಮತ್ತೆ 2011-12ರಲ್ಲಿ ಹೋಗಿ ಮಾತಾಡಿಸಿದ ಇಂಡಿಯಾ ಹ್ಯೂಮನ್ ಡೆವಲಪ್‌ಮೆಂಟ್ ಸರ್ವೆ, ವರ್ಲ್ಡ್ ವ್ಯಾಲ್ಯೂಸ್ ಸರ್ವೆಯ ಭಾರತದ ಡೇಟಾ, ಇವೆಲ್ಲ ರಿಜಿಸ್ಟರ್ ಮಾಡ್ಕೊಂಡ್ರೆ ಡೌನ್‌ಲೋಡ್ ಆಗ್ತವೆ. ಮೊದಲು ಕೋಡ್‌ಬುಕ್ ಓದಿ, ಡೇಟಾ ಆಮೇಲೆ. ಪ್ರಶ್ನೆ ಹೇಗೆ ಕೇಳಿದ್ರು, ಯಾರಿಗೆ ಕೇಳಿದ್ರು, ಮನೇಲಿ ಯಾರು ಪಕ್ಕದಲ್ಲಿ ಕೂತಿದ್ರು, ಇದನ್ನೆಲ್ಲ ಓದೋದೇ ಒಂದು ಕೋರ್ಸಿಗೆ ಸಮ.

ಅಳತೆ, ಅಳತೆ, ಅಳತೆ

ಸೋಶಿಯಲ್ ಸೈಕಾಲಜಿಯಲ್ಲಿ ಮೆಥಡ್ಸ್ ಜನಕ್ಕೆ ಅತಿ ಹೆಚ್ಚು ಕೆಲಸ ಇರೋದು ಅಳತೆಯಲ್ಲಿ, ಇದನ್ನ ನಾನು ಖಂಡಿತವಾಗಿ ಹೇಳ್ತೀನಿ. 1959ರಲ್ಲಿ ಕ್ಯಾಂಪ್‌ಬೆಲ್, ಡೊನಾಲ್ಡ್ ಫಿಸ್ಕೆ ಜೊತೆ ಬರೆದ ಪೇಪರಿನ ವಿಷಯ ಇದೇ, ಮಲ್ಟಿಟ್ರೇಟ್-ಮಲ್ಟಿಮೆಥಡ್ ಮ್ಯಾಟ್ರಿಕ್ಸ್ ಅಂತ ಎಕ್ಸಾಮಲ್ಲಿ ಐದು ಮಾರ್ಕ್ಸಿಗೆ ಬರೆದು ಮರೆತಿರ್ತೀರಿ. ಸರಳವಾಗಿ ಹೇಳಬೇಕಂದ್ರೆ, ಒಬ್ಬ ಹುಡುಗನ ಸಂಕೋಚ ಸ್ವಭಾವ ಮತ್ತೆ ಆತಂಕ ಎರಡನ್ನೂ ಅಳೀತಿದೀರಿ ಅಂದ್ಕೊಳ್ಳಿ, ಅವನಿಗೇ ಪ್ರಶ್ನಾವಳಿ ಕೊಟ್ಟು ಒಂದ್ಸಲ, ಅವನ ರೂಮ್‌ಮೇಟ್‌ನ ಕೇಳಿ ಒಂದ್ಸಲ. ಅವನು ಹೇಳಿದ ಸಂಕೋಚ ಮತ್ತೆ ರೂಮ್‌ಮೇಟ್ ಹೇಳಿದ ಸಂಕೋಚ ಚೆನ್ನಾಗಿ ಹೊಂದಬೇಕು. ಅದು ಬಿಟ್ಟು, ಅವನು ಹೇಳಿದ ಸಂಕೋಚ ಮತ್ತೆ ಅವನೇ ಹೇಳಿದ ಆತಂಕ ಇನ್ನೂ ಜಾಸ್ತಿ ಹೊಂದಿದ್ರೆ, ನೀವು ಅಳೆದಿದ್ದು ಸ್ವಭಾವನಲ್ಲ, ಅವನು ಪ್ರಶ್ನಾವಳಿ ತುಂಬೋ ರೀತಿಯನ್ನ. ಇವತ್ತಿಗೂ ನಮ್ಮಲ್ಲಿ ಆರು ಪ್ರಶ್ನಾವಳಿಗಳನ್ನ ಒಂದೇ ಗೂಗಲ್ ಫಾರ್ಮಲ್ಲಿ ಒಬ್ಬರಿಗೇ ಕೊಟ್ಟು, ಒಂದಕ್ಕೊಂದು ಕೋರಿಲೇಶನ್ ಬಂತು ಅಂತ ಥೀಸಿಸ್ ಬರೀತಾರೆ. ಅರವತ್ತು ವರ್ಷ ಮೀರಿದ ಎಚ್ಚರಿಕೆ ಇದು, ದಯವಿಟ್ಟು ಕೇಳಿಸ್ಕೊಳ್ಳಿ.

ಅಳತೆ ಅನ್ನೋದು ಎಷ್ಟು ದೂರ ಹೋಗುತ್ತೆ ಅನ್ನೋಕೆ ಮೈಸೂರಿನ ಉದಾಹರಣೆ ಇದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೈಕಾಲಜಿ ಡಿಪಾರ್ಟ್‌ಮೆಂಟ್ 1924ರಲ್ಲೇ ಶುರುವಾಗಿತ್ತು, ಕಟ್ಟಿದ್ದು ಎಂ.ವಿ. ಗೋಪಾಲಸ್ವಾಮಿ, ಮುಂದೆ ಅಲ್ಲೇ ಪ್ರೊಫೆಸರ್ ಆಗಿದ್ದ ಸೋಶಿಯಲ್ ಸೈಕಾಲಜಿಸ್ಟ್ ಬಿ. ಕುಪ್ಪುಸ್ವಾಮಿ. ಅವರ ಸಾಮಾಜಿಕ-ಆರ್ಥಿಕ ಸ್ಥಿತಿ ಸ್ಕೇಲು, 1976ರದ್ದು, ಇವತ್ತಿಗೂ ದೇಶದ ಮೆಡಿಕಲ್ ಕಾಲೇಜುಗಳ ಕಮ್ಯುನಿಟಿ ಮೆಡಿಸಿನ್ ವಿದ್ಯಾರ್ಥಿಗಳ ಕೈಯಲ್ಲಿ ಇರುತ್ತೆ. ಮನೆ ಯಜಮಾನರ ಓದು, ಕೆಲಸ, ಮನೆಯ ತಿಂಗಳ ಆದಾಯ, ಈ ಮೂರಕ್ಕೆ ಅಂಕ ಕೊಟ್ಟು ಕೂಡಿದ್ರೆ 3ರಿಂದ 29ರವರೆಗೆ, ಅದ್ರಲ್ಲಿ ಐದು ವರ್ಗ. ಬೆಲೆ ಏರಿದ ಹಾಗೆ ಆದಾಯದ ಸಾಲು ಹಳೇದಾಗುತ್ತೆ, ಅದಕ್ಕೆ ಸಂಶೋಧಕರು ಗ್ರಾಹಕ ಬೆಲೆ ಸೂಚ್ಯಂಕ ನೋಡಿ ಅದನ್ನ ಪದೇ ಪದೇ ಪರಿಷ್ಕರಿಸ್ತಾನೇ ಇದಾರೆ. ನಗರದ ಮನೆಗಳಿಗೆ ಅಂತ ಮಾಡಿದ್ದು ಅದು, ಹೊಲ ಗದ್ದೆ ಇರೋ ಮನೆಗೆ ತಗೊಂಡು ಹೋಗಿ ಹಾಕಿದ್ರೆ ಹೊಂದಲ್ಲ, ಆದ್ರೂ ಹಾಕೋರು ಇದಾರೆ. ನಿಮಗೆ ರಿಸರ್ಚ್ ಟಾಪಿಕ್ ಸಿಗ್ತಿಲ್ಲ ಅಂದ್ರೆ ಇಂಥ ಕಡೆ ನೋಡಿ.

ಇನ್ನು ಹೊರದೇಶದ ಸ್ಕೇಲನ್ನ ಕನ್ನಡಕ್ಕೆ ತರೋ ಕೆಲಸ. ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರಬೇಕು, ಮೂಲ ನೋಡದ ಇನ್ನೊಬ್ಬರು ವಾಪಸ್ ಇಂಗ್ಲಿಷಿಗೆ ಮಾಡಬೇಕು, ಇದು ಎಲ್ಲರಿಗೂ ಗೊತ್ತು. ಗೊತ್ತಿದ್ರೂ ಮಾಡದೇ ಇರೋದು ಮುಂದಿನದು, ಜನರ ಹತ್ರ ಕೂತು ಕೇಳೋದು. "ನನ್ನಲ್ಲಿ ಹೆಮ್ಮೆ ಪಡೋಂಥದ್ದು ಹೆಚ್ಚೇನೂ ಇಲ್ಲ" ಅನ್ನೋ ಐಟಂ ಓದ್ತೀರಿ, ಎದುರಿಗಿರೋ ಅಜ್ಜಿ "ಇಲ್ಲ" ಅಂತಾರೆ. ಯಾವ ಬಾಕ್ಸಿಗೆ ಟಿಕ್ ಹಾಕ್ತೀರಿ? ಇಲ್ಲ, ಹೆಮ್ಮೆ ಪಡೋಂಥದ್ದು ಏನಿದೆ ಅಂದ್ರಾ, ಇಲ್ಲ, ಆ ಮಾತು ಒಪ್ಪಲ್ಲ ಅಂದ್ರಾ? ಟಿಕ್ ಹಾಕೋ ಹುಡುಗ ತನಗೆ ತೋಚಿದ್ದು ಹಾಕಿ ಮುಂದಿನ ಪ್ರಶ್ನೆಗೆ ಹೋಗಿರ್ತಾನೆ, ಆಮೇಲೆ ಅಲ್ಫಾ (ಐಟಂಗಳು ಒಂದಕ್ಕೊಂದು ಎಷ್ಟು ಹೊಂದ್ತವೆ ಅನ್ನೋ ಅಂಕಿ) ಕಮ್ಮಿ ಬಂತು ಅಂತ ಆ ಐಟಂ ತೆಗೆದು ಹಾಕ್ತಾರೆ. ಅದ್ರ ಬದಲು ಡೇಟಾಗೆ ಹೋಗೋ ಮುಂಚೆ ಹತ್ತು ಹದಿನೈದು ಜನರ ಹತ್ರ ನಿಧಾನಕ್ಕೆ ಕೂತು, ಪ್ರತಿ ಐಟಂ ಆದ್ಮೇಲೆ "ಇದನ್ನ ಕೇಳಿದಾಗ ನಿಮ್ಮ ಮನಸ್ಸಿಗೆ ಏನು ಬಂತು, ಇನ್ನೊಬ್ಬರಿಗೆ ಹೇಳೋದಾದ್ರೆ ಹೇಗೆ ಹೇಳ್ತೀರಿ" ಅಂತ ಕೇಳಿ ರೆಕಾರ್ಡ್ ಮಾಡ್ಕೊಳ್ಳಿ. ಕಾಗ್ನಿಟಿವ್ ಇಂಟರ್‌ವ್ಯೂ ಅಂತಾರೆ ಇದಕ್ಕೆ. ಎಲ್ಲದಕ್ಕೂ "ಹೂಂ" ಅನ್ನೋರು ಇರ್ತಾರೆ, ಕೇಳೋರು ಓದಿದೋರು, ಬೇಜಾರಾಗಬಾರದು ಅಂತ. ಅದನ್ನ ಹಿಡಿಯೋಕೆ ಉಲ್ಟಾ ಐಟಂಗಳು, ಅಂದ್ರೆ ಆ "ಹೆಮ್ಮೆ" ಐಟಂ ತರ ತಿರುಗಿಸಿ ಕೇಳೋವು, ಬೇಕು, ಆದ್ರೆ ಉಲ್ಟಾ ಐಟಂಗಳಿಂದ ಈಗ ಹೇಳಿದ ತೊಂದರೆ ಬರುತ್ತೆ. ಈ ಎರಡರ ಮಧ್ಯೆ ದಾರಿ ಕಂಡುಹಿಡಿಯೋದು ಕನ್ನಡದಲ್ಲಿ ಇನ್ನೂ ಸರಿಯಾಗಿ ಆಗದೇ ಇರೋ ಕೆಲಸ, ಕನ್ನಡ ಗೊತ್ತಿರೋ ಮೆಥಡಾಲಜಿಸ್ಟೇ ಮಾಡಬೇಕು.

ಇದು ಬರೀ ಸ್ಥಳೀಯ ಕೆಲಸ ಅಂತ ಕಡೆಗಣಿಸಬೇಡಿ. ಹೆನ್ರಿಕ್, ಹೈನ್, ನೊರೆಂಜಯಾನ್ 2010ರಲ್ಲಿ ಬರೆದ ಪೇಪರಿನ ನಂತರ, ಪಾಶ್ಚಾತ್ಯ ಕಾಲೇಜು ವಿದ್ಯಾರ್ಥಿಗಳನ್ನ ನೋಡಿ ಮನುಷ್ಯರೆಲ್ಲಾ ಹಿಂಗೇ ಅನ್ನೋ ಹಾಗಿಲ್ಲ ಅನ್ನೋದು ಈಗ ಎಲ್ಲ ಜರ್ನಲ್ ಎಡಿಟರ್‌ಗಳಿಗೂ ಗೊತ್ತು. ಬೇರೆ ಕಡೆಯ ಡೇಟಾ, ಅದೂ ಸರಿಯಾಗಿ ಅಳೆದ ಡೇಟಾ ಬೇಕು ಅಂತಿದಾರೆ.

ಪಿಎಚ್‌ಡಿ ಮತ್ತೆ ಅದರ ಲೆಕ್ಕಾಚಾರ

ಭಾರತದಲ್ಲೇ ಮಾಡೋದಾದ್ರೆ ಯುಜಿಸಿ ನೆಟ್ ಮೊದಲ ಬಾಗಿಲು. ಪೇಪರ್ ಒಂದರಲ್ಲಿ 50, ಪೇಪರ್ ಎರಡರಲ್ಲಿ 100 ಪ್ರಶ್ನೆ, ಒಟ್ಟು 300 ಮಾರ್ಕ್ಸು, ಮೂರು ಗಂಟೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಸೈಕಾಲಜಿ ಸಿಲಬಸ್‌ನಲ್ಲಿ ರಿಸರ್ಚ್ ಮೆಥಡಾಲಜಿ ಮತ್ತೆ ಸ್ಟ್ಯಾಟಿಸ್ಟಿಕ್ಸ್‌ಗೆ ಒಂದು ಪೂರ್ತಿ ಯುನಿಟ್, ಟೆಸ್ಟಿಂಗ್‌ಗೆ ಇನ್ನೊಂದು, ನಿಮಗೆ ಇಷ್ಟ ಇರೋದೇ ಮಾರ್ಕ್ಸೂ ತರುತ್ತೆ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬಂದ್ರೆ 2023ರ ಜನವರಿಯಿಂದ ಜಾರಿಗೆ ಬಂದ ದರದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಪಾಠ ಮಾಡೋ ಕೆಲಸಕ್ಕೆ ಮಾತ್ರ ಆದ್ರೆ ಕರ್ನಾಟಕದ ಅರ್ಹತಾ ಪರೀಕ್ಷೆ ಕೆ-ಸೆಟ್ ಕೂಡ ನಡೆಯುತ್ತೆ.

2022ರ ಪಿಎಚ್‌ಡಿ ನಿಯಮದ ಪ್ರಕಾರ ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಪ್ರೊಫೆಸರ್ ಎಂಟು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಜನಕ್ಕಿಂತ ಹೆಚ್ಚು ಸ್ಕಾಲರ್‌ಗಳನ್ನ ಇಟ್ಕೊಳ್ಳೋ ಹಾಗಿಲ್ಲ, ಅದಕ್ಕೆ ನಿಮಗೆ ಬೇಕಾದ ಗೈಡ್ ಹತ್ರ ಜಾಗ ಇದೆಯಾ ಅಂತ ಅಪ್ಲಿಕೇಶನ್ ಹಾಕೋ ಮುಂಚೆನೇ ಮೇಲ್ ಮಾಡಿ ಕೇಳಿ. ಗೈಡ್ ಆರಿಸೋವಾಗ ಹೆಸರಿಗಿಂತ ಎರಡು ವಿಷಯ ನೋಡಿ, ಹಿಂದಿನ ಸ್ಟೂಡೆಂಟ್ಸ್ ಥೀಸಿಸ್‌ಗಳನ್ನ ಶೋಧಗಂಗಾ ಅನ್ನೋ ಆನ್‌ಲೈನ್ ಥೀಸಿಸ್ ಭಂಡಾರದಲ್ಲಿ ತೆಗೆದು ಮೆಥಡ್ ಚಾಪ್ಟರ್ ಓದಿ, ಒಂದೇ ಅಚ್ಚಲ್ಲಿ ಹಾಕಿದ ಹಾಗಿದ್ರೆ ಅಲ್ಲಿ ಹೊಸದನ್ನ ಮಾಡೋಕೆ ಬಿಡಲ್ಲ ಅಂತ ಅರ್ಥ. ಎರಡನೇದು, ಸ್ಟ್ಯಾಟಿಸ್ಟಿಕ್ಸ್ ಡಿಪಾರ್ಟ್‌ಮೆಂಟಲ್ಲಿ ಹೋಗಿ ಕ್ಲಾಸಲ್ಲಿ ಕೂರೋಕೆ ನಿಮ್ಮ ಗೈಡ್ ಒಪ್ತಾರಾ ಅಂತ ನೇರವಾಗಿ ಕೇಳಿ. ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು) ದುಡ್ಡಿನಲ್ಲಿ ಪಿಎಚ್‌ಡಿ ಸ್ಕಾಲರ್‌ಗಳಿಗೆ ಹತ್ತು ದಿನದ ರಿಸರ್ಚ್ ಮೆಥಡಾಲಜಿ ಕೋರ್ಸ್‌ಗಳು ಬೇರೆಬೇರೆ ಯೂನಿವರ್ಸಿಟಿಗಳಲ್ಲಿ ನಡೀತವೆ, ಎಲ್ಲಾ ಒಂದೇ ಮಟ್ಟದಲ್ಲಿ ಇರಲ್ಲ, ರಿಸೋರ್ಸ್ ಪರ್ಸನ್ ಯಾರು ಅಂತ ನೋಡಿ ಹೋಗಿ.

ಹೊರಗೆ ಹೋಗೋದಾದ್ರೆ ಕ್ವಾಂಟಿಟೇಟಿವ್ ಸೈಕಾಲಜಿ ಅಂತ ಪ್ರತ್ಯೇಕ ಪಿಎಚ್‌ಡಿ ಪ್ರೋಗ್ರಾಂಗಳು ಅಮೆರಿಕದಲ್ಲಿ ಇದಾವೆ, ಅಪ್ಲಿಕೇಶನ್ ಸಾಮಾನ್ಯವಾಗಿ ಡಿಸೆಂಬರ್ ಸುಮಾರಿಗೆ. ಅಲ್ಲಿ ಮಾರ್ಕ್ಸ್ ಕಾರ್ಡಿಗಿಂತ ನಿಮ್ಮ ಕೋಡ್, ನಿಮ್ಮ ಡೇಟಾ, ನೀವು ಮಾಡಿದ ಒಂದು ರೆಪ್ಲಿಕೇಶನ್ (ಆಗಲೇ ಆದ ಸ್ಟಡಿಯನ್ನ ಮತ್ತೆ ಮಾಡಿ ನೋಡೋದು) ಹೆಚ್ಚು ಮಾತಾಡುತ್ತೆ.

ರೆಪ್ಲಿಕೇಶನ್ ಅಂದ ಮೇಲೆ ಅದನ್ನ ಹೇಳ್ಲೇಬೇಕು. 2015ರಲ್ಲಿ 100 ಸೈಕಾಲಜಿ ಸ್ಟಡಿಗಳನ್ನ ಮತ್ತೆ ಮಾಡಿ ನೋಡಿದ ಫಲಿತಾಂಶ ಬಂತು, ಮೂಲದಲ್ಲಿ ಶೇಕಡಾ 97 ಸಿಗ್ನಿಫಿಕೆಂಟ್, ಅಂದ್ರೆ ಪಿ-ವ್ಯಾಲ್ಯೂ 0.05ಕ್ಕಿಂತ ಕಮ್ಮಿ, ಇದ್ವು, ಮತ್ತೆ ಮಾಡಿದಾಗ ಶೇಕಡಾ 36. ಅವತ್ತಿಂದ ಮೆಥಡ್ಸ್ ಗೊತ್ತಿರೋರಿಗೆ ಬೆಲೆ ಬಂದಿದೆ. ಮೊದಲ ಪಬ್ಲಿಕೇಶನ್‌ಗೆ ಒಳ್ಳೇ ದಾರಿ ಅಂದ್ರೆ, ಹೆಸರಾದ ಒಂದು ಸ್ಟಡಿ ಆರಿಸ್ಕೊಂಡು ಅದನ್ನ ಇಲ್ಲಿ ಸರಿಯಾದ ಸ್ಯಾಂಪಲಲ್ಲಿ ಮಾಡೋದು, ಯೋಜನೆಯನ್ನ ಡೇಟಾ ತಗೊಳ್ಳೋ ಮುಂಚೆನೇ ಓಪನ್ ಸೈನ್ಸ್ ಫ್ರೇಮ್‌ವರ್ಕ್ ಅನ್ನೋ ವೆಬ್‌ಸೈಟಲ್ಲಿ ರಿಜಿಸ್ಟರ್ ಮಾಡೋದು, ಆಗದಿದ್ರೆ ಆಗಲಿಲ್ಲ ಅಂತ ಬರೆಯೋದು. ರಿಜಿಸ್ಟರ್ಡ್ ರಿಪೋರ್ಟ್ ತಗೊಳ್ಳೋ ಜರ್ನಲ್ ಆದ್ರೆ ಇನ್ನೂ ಒಳ್ಳೇದು, ಅಲ್ಲಿ ಡೇಟಾ ಬರೋ ಮುಂಚೆನೇ ಪೇಪರ್ ತಾತ್ಕಾಲಿಕವಾಗಿ ಒಪ್ಪಿಗೆ ಆಗಿರುತ್ತೆ, ರಿಸಲ್ಟ್ ಹೇಗೆ ಬಂದ್ರೂ ನಿಮ್ಮ ಕೆಲಸ ವ್ಯರ್ಥ ಆಗಲ್ಲ. ಸೈಕಾಲಾಜಿಕಲ್ ಸೈನ್ಸ್ ಆಕ್ಸೆಲರೇಟರ್ ಅನ್ನೋ ಜಾಲ ಇದೆ, ಯಾವ ದೇಶದ ಲ್ಯಾಬ್ ಬೇಕಾದ್ರೂ ಸೇರಬಹುದು, ಒಂದೇ ಸ್ಟಡಿಯನ್ನ ಎಲ್ಲಾ ಕಡೆ ಮಾಡ್ತಾರೆ.

ಕೆಲಸ ಸಿಕ್ಕಿದ ಮೇಲೆ

ಅಸಿಸ್ಟೆಂಟ್ ಪ್ರೊಫೆಸರ್ ಆದ್ರೆ ಏಳನೇ ವೇತನ ಆಯೋಗದ ಲೆವೆಲ್ 10, ಶುರುವಿನ ಮೂಲ ವೇತನ 57,700. ಅಲ್ಲಿಂದ ಪೇಪರ್ ಎಣಿಸೋ ಒತ್ತಡ ಶುರು. ಕ್ಯಾಂಪ್‌ಬೆಲ್ 1976ರಲ್ಲಿ ಹೇಳಿದ ಒಂದು ಮಾತಿದೆ, ಈಗ ಅದಕ್ಕೆ ಅವರದ್ದೇ ಹೆಸರಿದೆ: ಯಾವುದೇ ಸಂಖ್ಯೆಯನ್ನ ನಿರ್ಧಾರ ಮಾಡೋಕೆ ಎಷ್ಟು ಹೆಚ್ಚು ಬಳಸ್ತೀವೋ ಆ ಸಂಖ್ಯೆ ಅಷ್ಟು ಕೆಡುತ್ತೆ, ಅದು ಅಳೀಬೇಕಿದ್ದ ವಿಷಯವನ್ನೂ ಕೆಡಿಸುತ್ತೆ. ಪ್ರಮೋಶನ್‌ಗೆ ಪೇಪರ್ ಸಂಖ್ಯೆ ನೋಡ್ತಾರೆ ಅಂದ ಕೂಡ್ಲೇ ದುಡ್ಡು ಕೊಟ್ರೆ ವಾರದಲ್ಲಿ ಛಾಪಿಸೋ ಜರ್ನಲ್‌ಗಳು ಹುಟ್ಕೊಂಡಿದ್ದು ನಮ್ಮ ಕಣ್ಣೆದುರಿಗೇ ಇದೆ. ಅವುಗಳ ಹತ್ರ ಹೋಗಬೇಡಿ, ಮೆಥಡ್ಸ್ ಜನಕ್ಕೆ ಇರೋ ಒಂದೇ ಆಸ್ತಿ ನಂಬಿಕೆ, ಒಂದು ಅಂಥ ಪೇಪರ್ ನಿಮ್ಮ ಸಿವಿಯಲ್ಲಿ ಕೂತ್ರೆ ಓದಿದೋರು ಎಲ್ಲವನ್ನೂ ಅನುಮಾನದಿಂದ ನೋಡ್ತಾರೆ.

ಮೆಥಡ್ಸ್ ಗೊತ್ತು ಅಂತ ಗೊತ್ತಾದ ಕೂಡ್ಲೇ ಎಲ್ಲರೂ ಬರ್ತಾರೆ, "ಸ್ವಲ್ಪ ಅನಾಲಿಸಿಸ್ ಮಾಡಿಕೊಡಿ" ಅಂತ. ಡೇಟಾ ತಂದು ಕೊಟ್ಟ ಮೇಲೆ ಸೇರಬೇಡಿ, ಡಿಸೈನ್ ಟೈಮಲ್ಲೇ ಕರೆಯೋಕೆ ಹೇಳಿ, ಯಾರ ಹೆಸರು ಎಲ್ಲಿ ಬರುತ್ತೆ ಅನ್ನೋದನ್ನ ಮೊದಲೇ ಮೇಲ್‌ನಲ್ಲಿ ಬರೆದಿಟ್ಕೊಳ್ಳಿ, ಮುಖಸ್ತುತಿಗೆ ಮರುಳಾಗಬೇಡಿ. ಆದ್ರೆ ಬೇರೆ ಫೀಲ್ಡಿನೋರ ಜೊತೆ ಕೆಲಸ ಮಾಡೋದನ್ನ ತಪ್ಪಿಸ್ಬೇಡಿ. ನಾರ್ತ್‌ವೆಸ್ಟರ್ನಲ್ಲಿ ಕ್ಯಾಂಪ್‌ಬೆಲ್‌ಗೆ ಮೆಲ್ವಿಲ್ ಹರ್ಸ್ಕೊವಿಟ್ಸ್ ಅನ್ನೋ ಮಾನವಶಾಸ್ತ್ರಜ್ಞ ಸಹೋದ್ಯೋಗಿ ಇದ್ರು. ಸಂಸ್ಕೃತಿ ಬೇರೆ ಆದ್ರೆ ಕಣ್ಣಿಗೆ ಕಾಣೋದೂ ಬೇರೆ ಆಗುತ್ತೆ ಅಂತ ಹರ್ಸ್ಕೊವಿಟ್ಸ್, ಅಷ್ಟೆಲ್ಲಾ ಇರಲ್ಲ ಅಂತ ಕ್ಯಾಂಪ್‌ಬೆಲ್. ವಾದ ಮಾಡ್ತಾ ಕೂರದೆ ಮಾರ್ಷಲ್ ಸೀಗಲ್ ಜೊತೆ ಸೇರಿ ಬಾಣದ ಗುರುತಿನ ಗೆರೆಗಳ ಚಿತ್ರಗಳನ್ನ (ಒಂದೇ ಉದ್ದ ಇದ್ರೂ ತುದಿಯ ಬಾಣದಿಂದ ಒಂದು ಉದ್ದ, ಒಂದು ಗಿಡ್ಡ ಅಂತ ಭ್ರಮೆ ಆಗೋವು) ಆಫ್ರಿಕಾದ ಹಲವು ಕಡೆ, ಫಿಲಿಪೀನ್ಸಲ್ಲಿ, ಅಮೆರಿಕದ ಇವಾನ್‌ಸ್ಟನಲ್ಲಿ ತೋರಿಸಿದ್ರು. 1966ರಲ್ಲಿ ಪ್ರಕಟವಾದಾಗ ಕಂಡಿದ್ದು, ಇವಾನ್‌ಸ್ಟನ್ ಜನ ಆ ಭ್ರಮೆಗೆ ಜಾಸ್ತಿ ಒಳಗಾಗ್ತಾರೆ, ಕೆಲವು ಆಫ್ರಿಕನ್ ಗುಂಪುಗಳಲ್ಲಿ ಅದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಕ್ಯಾಂಪ್‌ಬೆಲ್ ಊಹೆ ಸೋತಿತು, ಪುಸ್ತಕದ ಮೇಲೆ ಅವರ ಹೆಸರೂ ಇದೆ. ಮೆಥಡ್ಸ್ ಮೇಲೆ ಇಂಥ ನಂಬಿಕೆ ಇಟ್ಟೋರು ಅಂದ್ರೆ ನನಗೆ ತುಂಬಾ ಗೌರವ.

ಪಾಠ ಮಾಡೋದನ್ನ ರಿಸರ್ಚಿಗಿಂತ ಕೀಳು ಅಂತ ನೋಡ್ಬೇಡಿ. ಕ್ಯಾಂಪ್‌ಬೆಲ್ ಮತ್ತೆ ಜೂಲಿಯನ್ ಸ್ಟ್ಯಾನ್ಲಿ ಬರೆದು ಜಗತ್ತೆಲ್ಲ ಓದಿದ್ದು ಶಿಕ್ಷಣ ಸಂಶೋಧಕರಿಗೆ ಅಂತ 1963ರ ಕೈಪಿಡಿಯಲ್ಲಿ ಬರೆದ ಒಂದು ಅಧ್ಯಾಯ, 1966ರಲ್ಲಿ ಅದೇ ಬಿಡಿ ಪುಸ್ತಕ ಆಯ್ತು, ನೂರು ಪುಟವೂ ಇಲ್ಲ. ಶಾಲಾ ಮಾಸ್ತರಿಗೂ ಅರ್ಥ ಆಗೋ ಹಾಗೆ ಯಾವ ಡಿಸೈನಲ್ಲಿ ಯಾವ ಅಪಾಯ ಅಂತ ಟೇಬಲ್ ಹಾಕಿ ತೋರಿಸಿದ್ರು. ಕನ್ನಡದಲ್ಲಿ ಇಂಥದ್ದೊಂದು ಬರಬೇಕು, ಬರೆಯೋ ಕೆಲಸ ನಿಮ್ಮ ತಲೆಮಾರಿಂದೇ.

ಡೆಸರ್ಟೇಶನ್ ಗೈಡ್ ಮಾಡೋ ಹೊಣೆ ಬಂದಾಗ ಒಂದು ಕೆಲಸ ಮಾಡಿ. ಹತ್ತು ಜನಕ್ಕೆ ಹತ್ತು ಟಾಪಿಕ್ ಕೊಟ್ಟು ಒಬ್ಬೊಬ್ಬರು ಅರವತ್ತು ಜನರ ಡೇಟಾ ತರೋ ಬದಲು, ಹತ್ತೂ ಜನ ಸೇರಿ ಒಂದೇ ಸ್ಟಡಿ ಮಾಡ್ಲಿ, ಆರುನೂರು ಜನರ ಡೇಟಾ ಬರುತ್ತೆ, ಪಕ್ಕದ ಊರಿನ ಕಾಲೇಜಿನವರೂ ಸೇರಿದ್ರೆ ಇನ್ನೂ ಒಳ್ಳೇದು. ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಹಂಚಿ, ಯಾರ ಪ್ರಶ್ನೆ ಯಾವುದು, ಯಾರ ಅನಾಲಿಸಿಸ್ ಯಾವುದು ಅಂತ ಮೊದಲೇ ರಿಜಿಸ್ಟರ್ ಮಾಡಿಸಿ, ವರದಿ ಪ್ರತಿಯೊಬ್ಬರೂ ತಾವೇ ಬರೀಲಿ. ಡಿಪಾರ್ಟ್‌ಮೆಂಟ್ ನಿಯಮದಲ್ಲಿ "ಸ್ವತಂತ್ರ ಡೇಟಾ" ಅಂತ ಏನಾದ್ರೂ ಇದ್ಯಾ ಅಂತ ವರ್ಷದ ಶುರುವಿನಲ್ಲೇ ನೋಡ್ಕೊಂಡು, ಇದ್ರೆ ಬೋರ್ಡ್ ಆಫ್ ಸ್ಟಡೀಸ್ ಮುಂದೆ ಒಂದು ಪುಟದ ಪ್ರಸ್ತಾವನೆ ಇಡಿ, 60 ಜನರ ಪವರ್ ಎಷ್ಟು, 600 ಜನರ ಪವರ್ ಎಷ್ಟು ಅನ್ನೋ ಲೆಕ್ಕವನ್ನ ಅದ್ರ ಮೇಲುಗಡೆನೇ ಹಾಕಿ.